ಜಿ.ಟಿ.ಕೆ. ಸಾಹೇಬರಿಗಾಗಿ ಕಾದ ದಟ್ಟಗಳ್ಳಿ

ದಟ್ಟಗಳ್ಳಿಯ ಹೊಸ ಬಡಾವಣೆಯಲ್ಲಿ ರುದ್ರಸ್ವಾಮಿಯ ಮನೆಯನ್ನು ಗುರುತು ಹಿಡಿಯುವುದು ಸುಲಭ. ಕಾಲಿಂಗ್ ಬೆಲ್ ಒತ್ತಿದರೆ ಬೆಲ್ ಹೊಡೆಯುವುದಿಲ್ಲ, ಬಚ್ಚಲುಮನೆಯ ದೀಪ ಹತ್ತುತ್ತದೆ. ಒಳಗೆ ಸ್ನಾನ ಮಾಡುತ್ತಿದ್ದವರು ದೀಪ ನೋಡಿ ಯಾರೋ ಬಂದಿದ್ದಾರೆಂದು ತಿಳಿದುಕೊಳ್ಳಬೇಕು. ಈ ಏರ್ಪಾಡು ಅವನ ಕೈಯಾರೆ ಮಾಡಿದ್ದು. ಮೇಟಗಳ್ಳಿಯ ಕಾರ್ಖಾನೆಯೊಂದರ ರಿಪೇರಿ ವಿಭಾಗದಲ್ಲಿ ಫೋರ್‌ಮನ್ ಆಗಿದ್ದು ಸ್ವಯಂನಿವೃತ್ತಿ ತೆಗೆದುಕೊಂಡು ಬಂದವನು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವನ್ನು ಕೊಂಡುಕೊಳ್ಳುವ ಗಂಡಸು ಅವನ ಪ್ರಕಾರ ಅರ್ಧ ಗಂಡಸು. ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಲಾರಿ ಟ್ಯೂಬಿನಿಂದ ಕತ್ತರಿಸಿ ಹಾಕಿದ್ದ. ಅನ್ನಕ್ಕೆ ಒಂದು ಥರದ ಹೆದ್ದಾರಿಯ ವಾಸನೆ ಬರುತ್ತಿತ್ತು ಎಂಬುದು ಹೆಂಡತಿ ಮಂಜುಳಮ್ಮನ ದೂರು. ಆದರೆ ಕುಕ್ಕರು ಕೂಗುತ್ತಿತ್ತು, ಅದು ಮುಖ್ಯ.

ಎರಡು ಸಾವಿರದ ಆರನೇ ಇಸವಿಯಲ್ಲಿ ಆ ಬಡಾವಣೆಗೆ ಸ್ವಂತ ಬೋರ್‌ವೆಲ್ ಬಂತು, ಎತ್ತರದ ಟ್ಯಾಂಕ್ ಬಂತು, ಮೋಟರು ಹಾಕಿ ಆರಿಸುವುದಕ್ಕೆ ನಿಂಗಯ್ಯ ಎಂಬವನು ಬಂದ. ನಿಂಗಯ್ಯ ಮೋಟರು ಹಾಕುತ್ತಿದ್ದನೇ ಹೊರತು ಆರಿಸುತ್ತಿರಲಿಲ್ಲ. ಟ್ಯಾಂಕು ತುಂಬಿ ಹರಿದು ಪಕ್ಕದ ಖಾಲಿ ಸೈಟಿನಲ್ಲಿ ಸೊಂಟದೆತ್ತರ ಹುಲ್ಲು ಬೆಳೆಯಿತು. ಹುಲ್ಲು ಹಾಳಾಗಬಾರದೆಂದು ನಿಂಗಯ್ಯ ಹಸು ತಂದು ಕಟ್ಟಿದ. ಬಡಾವಣೆಯ ಸಂಘದವರು ಬೈದಾಗ ನೀರಿನ ಕೆಲಸ ಬಿಟ್ಟು ಪೂರ್ತಿ ಹಾಲಿನ ವ್ಯಾಪಾರಕ್ಕೇ ಇಳಿದ. ಈಗ ಬೈದವರೆಲ್ಲ ಅವನ ಹತ್ತಿರವೇ ಹಾಲು ತೆಗೆದುಕೊಳ್ಳುತ್ತಾರೆ.

ಸಂಘದ ಸಭೆ ಸೇರಿತು. ಅಧ್ಯಕ್ಷ ಚೆಲುವರಾಜು ಸಮಾರಂಭದ ಮನುಷ್ಯ. ಬೀದಿದೀಪದ ಬಲ್ಬು ಬದಲಾಯಿಸಿದರೂ ಯಾರಿಗಾದರೂ ಒಂದು ಶಾಲು ಹೊದಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕಾರ್ಯದರ್ಶಿ ರುದ್ರಸ್ವಾಮಿ ಎದ್ದು ನಿಂತ.

"ಮನುಷ್ಯನ ಕೈಗೆ ಮೋಟರು ಕೊಟ್ಟಿದ್ದೇ ತಪ್ಪು. ಕಂಪ್ಯೂಟರಿಗೆ ಕೊಡಿ. ಟ್ಯಾಂಕಲ್ಲಿ ನೀರು ಕಮ್ಮಿಯಾದ್ರೆ ಅದೇ ಹಾಕ್ತದೆ, ತುಂಬಿದ್ರೆ ಅದೇ ಆರಿಸ್ತದೆ."

"ಕಂಪ್ಯೂಟರು ಹಸು ಕಟ್ಟಲ್ವಾ?" ಎದುರುಮನೆಯ ಅಂಬುಜಮ್ಮ ಕೇಳಿದಳು.

"ಕಟ್ಟಲ್ಲ ಕಣಮ್ಮ."

"ಹಂಗಾದ್ರೆ ಆಗ್ಲಿ ಬುಡಿ."

ರುದ್ರಸ್ವಾಮಿ ಮಾರನೆಯ ದಿನವೇ ಪಂಪ್‌ಹೌಸಿಗೆ ನುಗ್ಗಿದ. ಟ್ಯಾಂಕಿನೊಳಗೆ ತೇಲುವ ಗುಂಡು ಕಟ್ಟಿದ, ಅದರಿಂದ ತನ್ನ ಮನೆಯ ಮುಂದಿನ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿನವರೆಗೆ ವೈರು ಎಳೆದ. ಕಂಪ್ಯೂಟರಿನಿಂದ ಮೋಟರಿಗೂ ಎಳೆದ. ಕೆಲಸ ಒಪ್ಪವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೊನೆಗೆ ಗೋಡೆಯ ಮೇಲಿದ್ದ ಹಳೆಯ ಸ್ವಿಚ್ಚನ್ನು ಕಿತ್ತು, ಆ ತೂತಿಗೆ ಸಿಮೆಂಟು ಮೆತ್ತಿದ. ಇನ್ನು ಮೋಟರು ಓಡಬೇಕಾದರೆ ಕಂಪ್ಯೂಟರೇ ಓಡಿಸಬೇಕು. ಯಾರೂ ಕೈ ಹಾಕುವ ಹಾಗಿಲ್ಲ, ಅವನನ್ನೂ ಸೇರಿಸಿ.

ಉಳಿದದ್ದು ಪ್ರೋಗ್ರಾಮು. ಬಸ್‌ಸ್ಟಾಪಿನ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದ ಮಹಾಂತೇಶ್ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಪಂಪು ನಡೆಸುವುದಕ್ಕೆಂದೇ ಯಾರೋ ಪುಣ್ಯಾತ್ಮ ಬರೆದು ಊರಿಗೆಲ್ಲ ಧರ್ಮಕ್ಕೆ ಬಿಟ್ಟಿದ್ದ ಒಂದು ಪ್ರೋಗ್ರಾಮನ್ನು ಸಿ.ಡಿ.ಗೆ ಹಾಕಿಕೊಟ್ಟ. ಅದು ಸಿದ್ಧ ಅಡುಗೆಯಲ್ಲ, ಭತ್ತ. ನಮ್ಮ ಕಂಪ್ಯೂಟರಿನಲ್ಲಿ ನಾವೇ ಕುಟ್ಟಿ, ಕೇರಿ, ಬೇಯಿಸಿಕೊಳ್ಳಬೇಕು. ಇದನ್ನು ಕೇಳಿಯೇ ರುದ್ರಸ್ವಾಮಿಯ ಎದೆ ಉಬ್ಬಿತು. ಬೇಯಿಸುವುದಕ್ಕೆ ಮೊದಲು ಅದು ತಪಾಸಣೆ ಮಾಡುತ್ತದೆ. 'ಈ ಸಾಮಾನು ಇದೆಯಾ? ಆ ಸಾಮಾನು ಇದೆಯಾ?' ಎಂದು ತಾನೇ ಕೇಳಿ, ಕಂಪ್ಯೂಟರಿನೊಳಗೆ ತಾನೇ ತಡಕಾಡಿ, ತಾನೇ ಉತ್ತರ ಬರೆದುಕೊಳ್ಳುತ್ತದೆ. ಕಪ್ಪು ಪರದೆಯ ಮೇಲೆ ಉತ್ತರಗಳು ಸಾಲಾಗಿ ಬಂದವು. ಯೆಸ್. ಯೆಸ್. ಯೆಸ್. ಒಂದೊಂದು ಯೆಸ್‌ಗೂ ರುದ್ರಸ್ವಾಮಿ ತನ್ನ ಮೀಸೆಯನ್ನು ಸವರಿಕೊಂಡ.

ಕಟ್ಟಕಡೆಯಲ್ಲಿ, 'ಜಿ.ಟಿ.ಕೆ.: ನೋ' ಎಂದು ಬಂತು. ಕೆಳಗೆ, ಇದು ಆಪ್ಷನಲ್, ಇಲ್ಲದಿದ್ದರೂ ನಡೆಯುತ್ತದೆ, ಚಿತ್ರದ ಪರದೆ ಮಾತ್ರ ಇರುವುದಿಲ್ಲ ಎಂದು ಒಂದು ಸಾಲು.

ಮೇಟಗಳ್ಳಿಯಲ್ಲಿ ಮ್ಯಾನೇಜರುಗಳೇ ಅವನ ಮುಖಕ್ಕೆ ನೋ ಎಂದು ಹೇಳುತ್ತಿರಲಿಲ್ಲ. ಸಿ.ಡಿ. ಹಿಡಿದು ಸೈಬರ್ ಸೆಂಟರಿಗೆ ಹೋದ.

"ಸಾರ್, ಜಿ.ಟಿ.ಕೆ. ಅಂದ್ರೆ ಪರದೆ ಮೇಲೆ ಕಿಟಕಿ, ಬಟನ್ನು, ಚಿತ್ರ ಬಿಡಿಸೋ ಸಾಮಾನು," ಎಂದ ಮಹಾಂತೇಶ್. "ಟ್ಯಾಂಕಿನ ಚಿತ್ರ ಬಂದು ಅದರಲ್ಲಿ ನೀಲಿ ನೀರು ಏರ್ತದಲ್ಲ, ಅಷ್ಟಕ್ಕೆ. ನಿಮ್ಮ ಮೋಟರಿಗೂ ಅದಕ್ಕೂ ಸಂಬಂಧ ಇಲ್ಲ. ಆಪ್ಷನಲ್ ಅಂತ ಅದೇ ಹೇಳ್ತಾ ಇದೆಯಲ್ಲ."

"ಆಪ್ಷನಲ್ ಅಂದ್ರೆ ಏನು ಅಂತ ನನಗೆ ಹೇಳಿಕೊಡ್ತೀಯಾ? ನಿನಗೆ ಮದುವೆ ಆಗಿದೆಯೇನೋ?"

"ಇಲ್ಲ ಸಾರ್."

"ಆಗು. ಆಮೇಲೆ ಮಾತಾಡು."

ಈ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವರ್ಷ ಮಗಳು ಸುಷ್ಮಾಳ ಮದುವೆ ಮಾತುಕತೆಯಲ್ಲಿ ಗಂಡಿನ ತಂದೆ ಸಿದ್ದಲಿಂಗಸ್ವಾಮಿ, ದೇವರಾಜ ಮೊಹಲ್ಲಾದಲ್ಲಿ ದೊಡ್ಡ ಪಾತ್ರೆ ಅಂಗಡಿ ಇಟ್ಟವರು, ಎಲೆ ಅಡಿಕೆ ಮೆಲ್ಲುತ್ತಾ, "ಬ್ಯಾಂಡ್‌ಸೆಟ್ಟು ಬೇಕಾದ್ರೆ ಮಾಡಿಸಿ, ಇಲ್ಲಾಂದ್ರೂ ನಡೀತದೆ" ಅಂದಿದ್ದರು. ರುದ್ರಸ್ವಾಮಿ ಆ ಮಾತನ್ನು ನಂಬಿದ. ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ಛತ್ರದ ಹತ್ತಿರದ ಗಣೇಶನ ಗುಡಿಯಲ್ಲಿ ಕೂತವರು ಏಳಲೇ ಇಲ್ಲ. ಯಾರೂ ಸಿಟ್ಟು ಮಾಡಲಿಲ್ಲ, ಯಾರೂ ಏನೂ ಕೇಳಲಿಲ್ಲ. ಸುಮ್ಮನೆ ಕೂತರು. ಕೊನೆಗೆ ರುದ್ರಸ್ವಾಮಿ ರಸ್ತೆಗೆ ಓಡಿ, ಇನ್ನಾರದೋ ಮೆರವಣಿಗೆಯಲ್ಲಿ ಹೋಗುತ್ತಿದ್ದ ಬ್ಯಾಂಡಿನವರನ್ನು ಕೈಹಿಡಿದು ಎಳೆತಂದು ಊದಿಸಿದ ಮೇಲೆ ಎದ್ದರು. ಬೇಕಾದರೆ ಎಂದು ಯಾರಾದರೂ ಹೇಳಿದರೆ ಅದು ಬೇಕೇ ಬೇಕು ಎಂದು ಅವನು ಅವತ್ತು ಕಲಿತ. ಮನುಷ್ಯರ ವಿಷಯದಲ್ಲಿ ಈ ಪಾಠ ಸರಿಯಾದದ್ದೇ. ಕಂಪ್ಯೂಟರು ಬೀಗರಲ್ಲ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಅಲ್ಲದೆ ಅದೇ ಬೀಗರ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅವನು ಹೇಳಿಬಿಟ್ಟಿದ್ದ: "ನಮ್ಮ ಬಡಾವಣೆ ನೀರು ನಮ್ಮನೆ ಕಂಪ್ಯೂಟರಿಂದ ಬರೋದು. ಟ್ಯಾಂಕು ತುಂಬೋದನ್ನ ಕೂತಲ್ಲೇ ನೋಡಬೋದು. ನೀಲಿ ಬಣ್ಣದಲ್ಲಿ." ಬೀಗರು, "ಭಾನುವಾರ ಹೊಸ ಮನೆ ನೋಡೋಕೆ ಬರ್ತೀವಿ, ಹಂಗೇ ಅದನ್ನೂ ನೋಡೋಣ" ಅಂದಿದ್ದರು.

ಹೀಗೆ ಜಿ.ಟಿ.ಕೆ. ತರುವ ಕೆಲಸ ಶುರುವಾಯಿತು. ಜಿ.ಟಿ.ಕೆ.ಯೂ ಭತ್ತವೇ. ಅದರ ತಪಾಸಣೆ ನಡೆಸಿದರೆ, ಪ್ಯಾಂಗೋ ಇಲ್ಲದೆ ನಾನು ಬರುವುದಿಲ್ಲ ಎಂದಿತು. ಪ್ಯಾಂಗೋ ತಂದರೆ ಅದು ಕೈರೋ ಎಲ್ಲಿ ಎಂದಿತು. ಕೈರೋ ತಂದರೆ ಅದಕ್ಕೆ ಫ್ರೀಟೈಪ್ ಬೇಕಾಯಿತು. ಲಗ್ನಪತ್ರಿಕೆ ಕೊಡಲು ಹೋದ ಮನೆಯಲ್ಲಿ ನಮ್ಮ ಷಡ್ಡಕರನ್ನ ಕರೆದ್ರಾ, ಅವರ ಅತ್ತಿಗೆಯನ್ನ ಕರೆದ್ರಾ ಎಂದು ಕೇಳಿದ ಹಾಗೆ. ರುದ್ರಸ್ವಾಮಿಗೆ ಇದು ಪೂರ್ತಿ ಅರ್ಥವಾಗುತ್ತಿತ್ತು, ಅದೇ ತೊಂದರೆ. ಪ್ರತಿ ಸಲವೂ ಸ್ಕೂಟರ್ ಹತ್ತಿ ಮಹಾಂತೇಶನ ಹತ್ತಿರ ಓಡಿದ.

"ಸಾರ್, ಒಂದೇ ಮಾತು ಕೇಳಿ," ಎಂದ ಮಹಾಂತೇಶ್. "ತಪಾಸಣೆ ಕೊಡೋವಾಗ ಕೊನೇಲಿ ಎರಡು ಅಡ್ಡಗೆರೆ ಹಾಕಿ 'ವಿತೌಟ್ ಜಿಯುಐ' ಅಂತ ಹೊಡೀರಿ. ಅಂದ್ರೆ ಚಿತ್ರ ಬೇಡ ಅಂತ. ಅದು ಜಿ.ಟಿ.ಕೆ. ಸುದ್ದಿಯೇ ಎತ್ತಲ್ಲ. ಕಾಫಿ ಕುಡಿಯೋದ್ರೊಳಗೆ ಪ್ರೋಗ್ರಾಮ್ ರೆಡಿ."

"ವಿತೌಟಾ? ನಂಜನಗೂಡಿನ ರೈಲಲ್ಲೂ ನಾನು ವಿತೌಟ್ ಹೋದೋನಲ್ಲ ಕಣೋ. ಕೈರೋ ಹಾಕಿಕೊಡು."

ಇತ್ತ ಟ್ಯಾಂಕಿನಲ್ಲಿ ಇದ್ದ ನೀರು ಮುಗಿಯಿತು. ಹೆಂಗಸರು ಕೊಡ ಹಿಡಿದು ಹಿಂದಿನ ಕ್ರಾಸಿನ ನಲ್ಲಿಗೆ ಹೋಗತೊಡಗಿದರು. ಆ ಕ್ರಾಸಿನವರು ಮೊದಲ ದಿನ ಕಾಫಿ ಕೊಟ್ಟರು, ಎರಡನೆಯ ದಿನ ಮುಖ ತಿರುಗಿಸಿದರು. ಅಂಬುಜಮ್ಮ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ರುದ್ರಸ್ವಾಮಿಯ ಕಿಟಕಿಯ ಮುಂದೆ ನಿಂತಳು. ಒಳಗೆ ಅವನು ಪರದೆಗೆ ಮೂಗು ತಾಗಿಸಿ ಕೂತಿದ್ದ.

"ರುದ್ರಸ್ವಾಮಿಯವ್ರೇ, ನೀರು ಯಾವಾಗ?"

"ಎಲ್ಲ ಆಗಿದೆ ಕಣಮ್ಮ. ಜಿ.ಟಿ.ಕೆ. ಒಂದು ಬರಬೇಕು, ಅಷ್ಟೆ."

ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ಅಂಬುಜಮ್ಮ. ಮೂರು ಇನಿಷಿಯಲ್ಲಿನಿಂದ ಕರೆಸಿಕೊಳ್ಳುವವರು ಎಂಥ ದೊಡ್ಡ ಮನುಷ್ಯರು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅವ್ರು ಬರ್ದೆ ಮೋಟರು ಓಡಲ್ವಾ?"

"ಓಡ್ತದೆ. ಆದ್ರೆ ಅದು ಮರ್ಯಾದೆ ಅಲ್ಲ."

"ಅದೂ ಸರಿಯೇ. ಮತ್ಯಾಕೆ ಬರ್ತಿಲ್ಲ?"

"ಪ್ಯಾಂಗೋ ಜೊತೇಲಿರಬೇಕಂತೆ. ಪ್ಯಾಂಗೋಗೆ ಕೈರೋ ಬೇಕಂತೆ."

"ಅಸಿಸ್ಟೆಂಟುಗಳಾ?"

"ಹಂಗೇ ಅನ್ಕೊಳ್ಳಿ," ಎಂದ ರುದ್ರಸ್ವಾಮಿ, ತಿರುಗಿ ನೋಡದೆ.

ಆ ಸಂಜೆಯೊಳಗೆ ಇಡೀ ಬೀದಿಗೆ ವಿಷಯ ಮುಟ್ಟಿತು. ಜಿ.ಟಿ.ಕೆ. ಎಂಬವರು ಬೆಂಗಳೂರಿನ ಭಾರಿ ಅಧಿಕಾರಿ. ಅವರ ಕೈಯಿಂದಲೇ ಮೋಟರು ಶುರುವಾಗಬೇಕು. ಒಬ್ಬರೇ ಬರುವವರಲ್ಲ, ಪರಿವಾರ ಸಮೇತ. ಚೆಲುವರಾಜು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಜಿ.ಟಿ. ಕರೀಗೌಡರಲ್ವಾ? ನಮ್ಮ ಕಡೆಯೋರೇ. ನಮ್ಮ ಚಿಕ್ಕಪ್ಪನ ಗೃಹಪ್ರವೇಶಕ್ಕೆ ಬಂದಿದ್ರು, ಬಾಳ ಸರಳ ಮನುಷ್ಯ" ಎಂದ. ಪ್ಯಾಂಗೋ ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಪರದೇಶದವನಿರಬೇಕು, ಸಾರಿಗೆ ಖಾರ ಕಮ್ಮಿ ಹಾಕೋಣ ಎಂದು ಅಂಬುಜಮ್ಮ ತೀರ್ಮಾನಿಸಿದಳು. ಚೆಲುವರಾಜು ಕಿಟಕಿಗೆ ಬಂದ.

"ಕಾರ್ಯದರ್ಶಿಗಳೇ, ಜಿ.ಟಿ.ಕೆ. ಭಾನುವಾರ ಬರೋದು ಖಂಡಿತ ತಾನೇ?"

"ಬರಿಸ್ತೀನಿ. ಬರಿಸ್ದೆ ಹೋದ್ರೆ ನನ್ನ ಹೆಸರು ರುದ್ರಸ್ವಾಮಿ ಅಲ್ಲ."

ತಮ್ಮ ಕಾರ್ಯದರ್ಶಿಯ ಈ ಛಲ ನೋಡಿ ಚೆಲುವರಾಜುವಿಗೆ ಹೆಮ್ಮೆಯಾಯಿತು. ಶಾಮಿಯಾನದವನಿಗೆ ಫೋನು ಮಾಡಲು ಹೋದ.

ಮನೆಯಲ್ಲಿ ಮಂಜುಳಮ್ಮನಿಗೆ ಜಿ.ಟಿ.ಕೆ. ಅಧಿಕಾರಿಯೋ ಸಾಮಾನೋ ಯಾವುದೂ ಬೇಕಿರಲಿಲ್ಲ.

"ರೀ, ನಾಳಿದ್ದು ಬೀಗರು ಬರ್ತಾರೆ. ಮೊದಲ ಸಲ ಈ ಮನೆಗೆ ಬರ್ತಿರೋದು. ಒಂದು ಚೊಂಬು ನೀರಿಲ್ಲ. ನಿಮ್ಮ ಪ್ರೋಗ್ರಾಮು ಮೋಟರು ಹಾಕ್ತದೋ ಇಲ್ವೋ?"

"ಹಾಕ್ತದೆ."

"ಮತ್ತೆ ಹಾಕಿಸಿ."

"ಚಿತ್ರ ಬರಲಿ ಅಂತ ಕಾಯ್ತಿದ್ದೀನಿ."

"ಚಿತ್ರದಲ್ಲಿ ಅಕ್ಕಿ ತೊಳೀಲಾ?"

ರುದ್ರಸ್ವಾಮಿ ಜೋರಾಗಿ ಕೆಮ್ಮಿ ಪರದೆಯ ಕಡೆ ತಿರುಗಿದ.

ಭಾನುವಾರ ಬೆಳಿಗ್ಗೆ ಪಂಪ್‌ಹೌಸಿನ ಮುಂದೆ ಶಾಮಿಯಾನ ಎದ್ದಿತು. ಕುರ್ಚಿ ಬಂತು, ಮೈಕು ಬಂತು, ಏಲಕ್ಕಿ ಹಾರ ಬಂತು. ಪಂಪ್‌ಹೌಸಿನ ಗೋಡೆಯ ಮೇಲೆ ಚೆಲುವರಾಜು ಪೇಂಟರಿನ ಕೈಲಿ ದುಂಡಗೆ ಬರೆಸಿಬಿಟ್ಟಿದ್ದ: 'ಉದ್ಘಾಟನೆ: ಶ್ರೀ ಜಿ.ಟಿ.ಕೆ. ಸಾಹೇಬರು. ಮುಖ್ಯ ಅತಿಥಿಗಳು: ಶ್ರೀ ಪ್ಯಾಂಗೋ, ಶ್ರೀ ಕೈರೋ.' ಫ್ರೀಟೈಪಿನ ಹೆಸರು ಕಿಟಕಿಯಿಂದ ಹೊರಗೆ ಬಂದಿರಲಿಲ್ಲವಾದ್ದರಿಂದ ಅದೊಂದು ಉಳಿದುಕೊಂಡಿತು.

ರುದ್ರಸ್ವಾಮಿ ಇದೇನನ್ನೂ ನೋಡಲಿಲ್ಲ. ಬನಿಯನ್ನಿನಲ್ಲಿ ಕೂತು ಕೊನೆಯ ತಪಾಸಣೆ ಓಡಿಸುತ್ತಿದ್ದ. ಯೆಸ್‌ಗಳ ಸಾಲು ಬಂತು. ಕೊನೆಗೆ, ಕೈರೋ ಹಳೆಯದಾಯಿತು, ಇದಕ್ಕಿಂತ ಹೊಸದು ಬೇಕು, ಜಿ.ಟಿ.ಕೆ.: ನೋ.

ಅದೇ ಹೊತ್ತಿಗೆ ಆಟೋ ಬಂದು ನಿಂತು ಸಿದ್ದಲಿಂಗಸ್ವಾಮಿ ಹೆಂಡತಿ ಸಮೇತ ಇಳಿದರು. ಜರಿ ಪಂಚೆ, ಭುಜದ ಮೇಲೆ ಶಲ್ಯ, ಹಣೆ ತುಂಬ ವಿಭೂತಿ, ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ಹೊಟ್ಟೆ. ಆ ಹೊಟ್ಟೆ ನೋಡಿದ ಮೇಲೆ ಚೆಲುವರಾಜುವಿಗೆ ಸಂಶಯ ಉಳಿಯಲಿಲ್ಲ. ಏಲಕ್ಕಿ ಹಾರ ಬಿತ್ತು, ಶಾಲು ಬಿತ್ತು, ಜನ ಎದ್ದು ನಿಂತರು. ಗಂಡಿನ ತಂದೆಯಾದ ಸಿದ್ದಲಿಂಗಸ್ವಾಮಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ಕುತ್ತಿಗೆ ಬಗ್ಗಿಸಿದರು.

"ತಮ್ಮ ದಾರೀನೇ ಕಾಯ್ತಿದ್ವಿ ಸಾರ್," ಎಂದಳು ಅಂಬುಜಮ್ಮ. "ತಾವು ಬರೋ ತನಕ ನೀರು ಬುಡಲ್ಲ ಅಂತ ಕಾರ್ಯದರ್ಶಿಗಳ ಹಟ. ಇಡೀ ಬೀದಿ ಬಾಯಿ ಒಣಗಿಸ್ಕೊಂಡು ಕೂತಿದೆ."

"ನನಗೋಸ್ಕರವಾ?" ಸಿದ್ದಲಿಂಗಸ್ವಾಮಿಯ ಕಣ್ಣು ತೇವವಾಯಿತು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ?" ಎಂದರು.

ಎಲ್ಲರೂ ಅವರನ್ನು ಮುಂದೆ ಬಿಟ್ಟುಕೊಂಡು ರುದ್ರಸ್ವಾಮಿಯ ಮನೆಗೆ ಬಂದರು. ರುದ್ರಸ್ವಾಮಿ ಗಾಬರಿಯಾಗಿ ಶರಟು ಸಿಕ್ಕಿಸಿಕೊಳ್ಳುತ್ತಾ, "ಬನ್ನಿ ಬೀಗರೇ, ಬನ್ನಿ" ಎಂದ. ಬಾಗಿಲ ಹೊರಗೆ ಗುಸುಗುಸು ಎದ್ದಿತು.

"ಕೇಳಿದ್ರಾ? ಜಿ.ಟಿ.ಕೆ. ಸಾಹೇಬ್ರು ಇವ್ರಿಗೆ ಬೀಗರಂತೆ," ಎಂದ ಚೆಲುವರಾಜು. "ಒಂದು ದಿವ್ಸನಾದ್ರೂ ಹೇಳ್ಕೊಂಡ್ರಾ ಈವಯ್ಯ?"

"ಎಲ್ಲಿ ಬೀಗರೇ, ನೀಲಿ ನೀರು ತೋರಿಸಿ," ಎಂದು ಸಿದ್ದಲಿಂಗಸ್ವಾಮಿ ಕುರ್ಚಿ ಎಳೆದು ಕೂರಲು ಹೋದರು. ಅಷ್ಟರಲ್ಲಿ ಅವರ ಹೆಂಡತಿ, "ಮೊದಲು ಕಾಲು ತೊಳ್ಕೊಳ್ಳಿ" ಎಂದರು.

ಅಡುಗೆಮನೆ ಬಾಗಿಲಲ್ಲಿ ಮಂಜುಳಮ್ಮ ನಿಂತಿದ್ದಳು. ಕೈಯಲ್ಲಿ ಫಳಫಳ ತೊಳೆದ ಹಿತ್ತಾಳೆ ಚೊಂಬು. ತೊಳೆದದ್ದು ಹುಣಿಸೆಹಣ್ಣು, ಬಟ್ಟೆಗಳಿಂದ ಮಾತ್ರ. ಚೊಂಬನ್ನು ಗಂಡನಿಗೆ ಕಾಣುವ ಹಾಗೆ ಮೆಲ್ಲಗೆ ತಲೆಕೆಳಗು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ.

ಮನೆಗೆ ಬಂದ ಬೀಗರಿಗೆ ಕಾಲಿಗೆ ನೀರಿಲ್ಲ. ಗಣೇಶನ ಗುಡಿಯಲ್ಲಿ ಕೂತವರಾದರೂ ಕೊನೆಗೆ ಎದ್ದರು. ಇದು ಎದ್ದು ಹೋಗುವ ಅವಮಾನವಲ್ಲ, ಮೊಮ್ಮಕ್ಕಳ ಕಾಲದವರೆಗೂ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಕಥೆ. ಸಿಟ್ಟು ಬರಿಸಿದ ಮಾತು ರುದ್ರಸ್ವಾಮಿಗೆ ಅಕ್ಷರ ಬಿಡದೆ ನೆನಪಿರುತ್ತಿತ್ತು, ಇದೊಂದು ಅವನ ಅದೃಷ್ಟ. ಕೀಬೋರ್ಡಿನ ಮೇಲೆ ಬಗ್ಗಿ, ಮಹಾಂತೇಶ್ ಹೇಳಿದ್ದಂತೆ ಎರಡು ಅಡ್ಡಗೆರೆ ಎಳೆದ. ವಿತೌಟ್ ಜಿಯುಐ ಎಂದು ಹೊಡೆದ. ಅದರ ಮುಂದೆಯೇ, ತಪಾಸಣೆ ಮುಗಿಯುತ್ತಲೂ ಬೇಯಿಸು ಎಂಬ ಅಪ್ಪಣೆಯನ್ನೂ ಸೇರಿಸಿದ.

"ಬೀಗರೇ, ತಮ್ಮ ಕೈಯಿಂದ ಈ ದೊಡ್ಡ ಬಟನ್ನು ಒತ್ತಿ."

ಸಿದ್ದಲಿಂಗಸ್ವಾಮಿ ಮನೆದೇವರನ್ನು ನೆನೆದು ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ದಬದಬ ಓಡಿದವು. ಈ ಸಲ ಜಿ.ಟಿ.ಕೆ. ಹೆಸರನ್ನು ಯಾರೂ ಎತ್ತಲಿಲ್ಲ. ಸಾಲಿನ ಮೇಲೆ ಸಾಲು, ನಡುನಡುವೆ 'ವಾರ್ನಿಂಗ್' ಎಂಬ ಮಾತು.

"ಯಾರಿಗೆ ವಾರ್ನಿಂಗು?" ಕೇಳಿದರು ಬೀಗರು.

"ಅದು ಬರೆದೋನಿಗೆ. ನಮಗಲ್ಲ."

ಬೀಗರು ಪರದೆಗೆ ಬಗ್ಗಿ ನೋಡಿದರು. ರುದ್ರಸ್ವಾಮಿ, ನೀಲಿ ಎಲ್ಲಿ ಎಂಬ ಮಾತಿಗೆ ಕಾದ.

"ಇದು ರೈಲ್ವೆ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಲ್ಲಿ ಇರೋ ಥರದ್ದಲ್ವಾ?" ಎಂದರು ಸಿದ್ದಲಿಂಗಸ್ವಾಮಿ. "ಅಲ್ಲೂ ಬರೀ ಅಕ್ಷರ. ನಮ್ಮ ಪಕ್ಕದಂಗಡಿಯೋನು ಮೊನ್ನೆ ಒಂದು ಕಂಪ್ಯೂಟರು ತಂದಿದ್ದಾನೆ, ಅದರ ತುಂಬ ಬಣ್ಣಬಣ್ಣದ ಮೀನು. ನನಗೆ ಅವತ್ತೇ ಅನ್ನಿಸ್ತು, ಇದು ಕೆಲಸದ್ದಲ್ಲ ಅಂತ."

ರುದ್ರಸ್ವಾಮಿಯ ಬೆನ್ನು ನೆಟ್ಟಗಾಯಿತು.

"ಮೀನು ಬರೋದು ಆಟದ್ದು. ಇದು ಡ್ಯೂಟಿ ಮಾಡೋದು," ಎಂದ. "ಚಿತ್ರ ಹಾಕ್ಕೊಳ್ಳಿ ಅಂತ ಕೇಳ್ತು. ಬೇಡ ಅಂತ ನಾನೇ ತೆಗೆಸ್ದೆ."

ಬೇಯುವುದು ಮುಗಿಯಿತು. ಪ್ರೋಗ್ರಾಮು ಎದ್ದು ಕೂತು ಒಂದು ಸಾಲು ಬರೆಯಿತು: ಟ್ಯಾಂಕು ಖಾಲಿ, ಪಂಪು ಆನ್. ಪಂಪ್‌ಹೌಸಿನಲ್ಲಿ ಮೋಟರು ಗುಂಯ್ ಎಂದಿತು. ಸ್ವಲ್ಪ ಹೊತ್ತಿನಲ್ಲಿ ಮಂಜುಳಮ್ಮನ ಅಡುಗೆಮನೆ ನಲ್ಲಿ ಗೊರಗುಟ್ಟಿ, ಗಾಳಿ ಉಗುಳಿ, ಕೆಂಪಗೆ ಸೀನಿ, ಆಮೇಲೆ ತಿಳಿಯಾಗಿ ಸುರಿಯಿತು. ಚೊಂಬು ತುಂಬಿತು. ವಾರದಿಂದ ನೀರಿಲ್ಲದ ಬೀದಿಯಲ್ಲಿ ಯಾರ ಮನೆಯ ನಲ್ಲಿಯೂ ಮುಚ್ಚಿರಲಿಲ್ಲವಾದ್ದರಿಂದ ಎಲ್ಲ ಮನೆಯ ನೀರೂ ಹೊಸ್ತಿಲು ದಾಟಿತು. ಹೆಂಗಸರು ಸೀರೆ ಎತ್ತಿ ಕಟ್ಟಿ ಓಡಿದರು. ಅಂಬುಜಮ್ಮನ ಮನೆಯಿಂದ ಚಪ್ಪಲಿಗಳು ತೇಲುತ್ತಾ ಗೇಟಿನವರೆಗೂ ಬಂದವು. ಯಾರೂ ಬೈಯಲಿಲ್ಲ.

ಬೀಗರು ಕಾಲು ತೊಳೆದರು, ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡು ಶಾಮಿಯಾನದ ದೊಡ್ಡ ಕುರ್ಚಿಯಲ್ಲಿ ಕೂತರು. ಅವರು ಕೂರುತ್ತಿದ್ದಂತೆ ಮೋಟರು ತನ್ನಷ್ಟಕ್ಕೆ ತಾನೇ ನಿಂತಿತು. ಜನ ಟ್ಯಾಂಕಿನ ಕಡೆ ತಲೆಯೆತ್ತಿದರು. ಒಂದು ಹನಿ ಚೆಲ್ಲಿರಲಿಲ್ಲ. ಪಕ್ಕದ ಸೈಟಿನಲ್ಲಿ ಹುಲ್ಲು ನೋಡಲು ಬಂದಿದ್ದ ನಿಂಗಯ್ಯ ಒಬ್ಬನ ಮುಖ ಮಾತ್ರ ಸಣ್ಣಗಾಯಿತು. ರುದ್ರಸ್ವಾಮಿ ಮೀಸೆ ಸವರಿಕೊಂಡು ನಿಂತಿದ್ದ. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ಅವನಂಥವನಿಗೆ ಎಷ್ಟು ಕಷ್ಟವೆಂದು ಅವನ ಕಿವಿಗಳ ಬಣ್ಣ ಹೇಳುತ್ತಿತ್ತು.

ಚೆಲುವರಾಜು ಮೈಕು ಹಿಡಿದ. "ಈಗ ಮಾನ್ಯ ಜಿ.ಟಿ.ಕೆ. ಸಾಹೇಬರು ಎರಡು ಮಾತಾಡಬೇಕು."

ಸಿದ್ದಲಿಂಗಸ್ವಾಮಿ ಸುತ್ತ ನೋಡಿದರು. ಮೈಕು ಅವರ ಮೂಗಿನ ಮುಂದೆಯೇ ಇತ್ತು. "ಯಾರಪ್ಪ ಜಿ.ಟಿ.ಕೆ.? ನಾನು ಸಿದ್ದಲಿಂಗಸ್ವಾಮಿ. ದೇವರಾಜ ಮೊಹಲ್ಲಾ, ಪಾತ್ರೆ ಅಂಗಡಿ."

ಜನರೆಲ್ಲ ಗೋಡೆಯ ಬರಹ ನೋಡಿದರು, ಬೀಗರನ್ನು ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ರುದ್ರಸ್ವಾಮಿಯನ್ನು ನೋಡಿದರು. ಗೋಡೆಯನ್ನು ರುದ್ರಸ್ವಾಮಿ ನೋಡಿದ್ದು ಆಗಲೇ ಮೊದಲು. ಅವನ ಮುಖ ಒಂದು ಕ್ಷಣ ಅವನ ಕಾಲಿಂಗ್ ಬೆಲ್ಲಿನ ಹಾಗಾಯಿತು. ಎಲ್ಲೋ ಒಳಗೆ ದೀಪ ಹತ್ತಿತು, ಸದ್ದು ಬರಲಿಲ್ಲ. ಆಮೇಲೆ ಮುಂದೆ ಬಂದು ಮೈಕು ತೆಗೆದುಕೊಂಡ.

"ಜಿ.ಟಿ.ಕೆ. ಬರಬೇಕಾಗಿತ್ತು," ಎಂದ. "ವಾರವೆಲ್ಲ ಕಾದೆ. ಪ್ಯಾಂಗೋ ಬಂತು. ಕೈರೋ ಸರಿಹೋಗಲಿಲ್ಲ. ಅದಕ್ಕೇ ಜಿ.ಟಿ.ಕೆ. ಬರಲಿಲ್ಲ. ಯಾರೋ ಬರಲಿ ಅಂತ ನನ್ನ ಬೀದಿ ಬಾಯಿ ಒಣಗಿಸ್ಕೊಂಡು ಯಾಕೆ ಕೂರಬೇಕು? ಯಾರೂ ಇಲ್ದೇನೇ ನೀರು ಬಿಟ್ಟೆ."

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಚಪ್ಪಾಳೆ ಬಿತ್ತು. ಚೆಲುವರಾಜು, "ಕರೀಗೌಡರು ಮೊದಲಿಂದಲೂ ಹಂಗೇ, ಮಾತು ಕೊಟ್ಟು ಬರದೇ ಇರೋ ಪೈಕಿ" ಎಂದ. ಅಂಬುಜಮ್ಮ ಒದ್ದೆ ಸೆರಗು ಹಿಂಡುತ್ತಾ, "ಅಂಥ ಸಾಹೇಬ್ರ ಮುಲಾಜು ನೋಡ್ದೆ ನೀರು ಬುಟ್ಟವರಲ್ಲ, ಅದು ಗಂಡಸ್ತನ" ಎಂದಳು. ಮಂಜುಳಮ್ಮ ಮುಖ ಬೇರೆ ಕಡೆ ತಿರುಗಿಸಿದಳು. ನಗುವನ್ನು ಮುಚ್ಚಿಕೊಳ್ಳುವುದಕ್ಕೋ ಹೆಮ್ಮೆಯನ್ನೋ, ಹೇಳುವುದು ಕಷ್ಟ.

ಗೋಡೆಯ ಹೆಸರುಗಳನ್ನು ಅಳಿಸಿಬಿಡೋಣವೇ ಎಂದು ಪೇಂಟರು ಡಬ್ಬ ಎತ್ತಿಕೊಂಡ.

"ಯಾಕೆ ಅಳಿಸ್ಬೇಕು? ಇರಲಿ," ಎಂದ ರುದ್ರಸ್ವಾಮಿ. "ಕೆಳಗೆ ಇನ್ನೊಂದು ಸಾಲು ಬರಿ."

ದಟ್ಟಗಳ್ಳಿಯ ಆ ಪಂಪ್‌ಹೌಸಿನ ಗೋಡೆಯ ಮೇಲೆ ಬಹಳ ಕಾಲ ಅದು ಹಾಗೆಯೇ ಇತ್ತು. ಮೇಲೆ ಅತಿಥಿಗಳ ಹೆಸರು ದುಂಡಗೆ, ಕೆಂಪಗೆ. ಅದರ ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ:

'ಮೇಲ್ಕಂಡ ಯಾರೂ ಬರಲಿಲ್ಲ. ನೀರು ಬಂತು. — ಕಾರ್ಯದರ್ಶಿ.'